ಮನ್ರೋ ಅಳೆದ ಸೀಮೆಯಲ್ಲಿ ದರದ ಮಾತು

ವಿದ್ಯುತ್ತು, ನೀರು ಮೊದಲಾದ ಸಾರ್ವಜನಿಕ ಸೇವೆಗಳ ದರವನ್ನು ನಿಗದಿ ಮಾಡುವ ನಿಯಂತ್ರಣ ಆಯೋಗಗಳವರು ಆಗಾಗ ಪ್ರಾದೇಶಿಕ ಸಮ್ಮೇಳನಗಳಲ್ಲಿ ಒಟ್ಟುಗೂಡುತ್ತಾರೆ. ಇಂಥ ಸಭೆಗಳು ಸಾಮಾನ್ಯವಾಗಿ ರಾಜಧಾನಿಗಳಲ್ಲೇ ನಡೆಯುತ್ತವೆ. ಸ್ವಾಗತ ಭಾಷಣಗಳಲ್ಲಿ ಬಂಡವಾಳ ಹೂಡಿಕೆ, ದಕ್ಷತೆ, ಸುಧಾರಣೆ ಎಂಬ ಮಾತುಗಳು ತಪ್ಪದೆ ಬರುತ್ತವೆ. ಒಂದು ವೇಳೆ ಅಂಥ ಸಮ್ಮೇಳನ ಬಳ್ಳಾರಿಯಲ್ಲಿ ನಡೆದು, ಅತಿಥಿಗಳನ್ನು ಸ್ವಾಗತಿಸುವ ಹೊಣೆ ನಿವೃತ್ತ ಅಧಿಕಾರಿಯಾದ ನನ್ನ ಪಾಲಿಗೆ ಬಂದರೆ ನಾನು ಈ ಮಾತುಗಳನ್ನು ಬದಿಗಿಟ್ಟು ಒಬ್ಬ ಮನುಷ್ಯನ ಬದುಕಿನ ಕಥೆ ಹೇಳಲು ಬಯಸುತ್ತೇನೆ. ಇನ್ನೂರು ವರ್ಷಗಳಿಗೂ ಹಿಂದೆ ಇದೇ ಸೀಮೆಯಲ್ಲಿ, ಹೊಲ ಹೊಲಕ್ಕೂ ಹೋಗಿ, ಯಾರು ಎಷ್ಟು ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಥಾಮಸ್ ಮನ್ರೋನ ಕಥೆ ಅದು. ಆತ ಕಂಪನಿ ಸರ್ಕಾರದ ನೌಕರ. ನಮ್ಮನ್ನು ಆಳಲು ಬಂದವನು. ಆದರೂ ದರ ಕಟ್ಟುವ ಕೆಲಸದ ಕಷ್ಟ, ಸುಖ, ಅಪಾಯಗಳೆಲ್ಲ ಆತನ ಬದುಕಿನಲ್ಲಿ ಒಟ್ಟಾಗಿ ಸಿಗುತ್ತವೆ.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ಮಾಡುತ್ತಿದ್ದ ವರ್ತಕ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಿಂದ ಆ ವ್ಯಾಪಾರ ಮುಳುಗಿತು, ಮನೆತನ ದಿವಾಳಿಯ ಅಂಚಿಗೆ ಬಂದಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ ಹುಡುಗ ಈಸ್ಟ್ ಇಂಡಿಯಾ ಕಂಪನಿಯ ಕಾಲಾಳು ಪಡೆಗೆ ಕೆಡೆಟ್ ಆಗಿ ಸೇರಿ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದ. ಬಂದ ವರ್ಷವೇ ಹೈದರ್ ಅಲಿಯೊಡನೆ ಯುದ್ಧ. ಸೈನಿಕನಾಗಿದ್ದಾಗಲೇ ಫಾರ್ಸಿ, ಹಿಂದೂಸ್ತಾನಿ ಕಲಿತ. ದೇಶಭಾಷೆ ಬಲ್ಲ ಅಧಿಕಾರಿಗಳು ಆಗ ವಿರಳ. 1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಪ್ರದೇಶ ಕಂಪನಿಯ ಕೈಸೇರಿದಾಗ, ಅಲೆಗ್ಸಾಂಡರ್ ರೀಡ್ ಎಂಬ ಹಿರಿಯ ಅಧಿಕಾರಿಯ ಕೆಳಗೆ ಮನ್ರೋನನ್ನು ಕಂದಾಯದ ಕೆಲಸಕ್ಕೆ ಹಾಕಿದರು. ಏಳು ವರ್ಷ ಅಲ್ಲಿ ರೈತರ ನಡುವೆ ಕಳೆದು ಆತ ಕಂದಾಯದ ವಿದ್ಯೆ ಕಲಿತ. 1799ರಲ್ಲಿ ಕನ್ನಡ ಜಿಲ್ಲೆಗೆ, ಅಂದರೆ ಕರಾವಳಿಗೆ, ಕಲೆಕ್ಟರ್ ಆಗಿ ಹೋದ. ಅಲ್ಲಿ ಆತನ ಮನಸ್ಸು ನಿಲ್ಲಲಿಲ್ಲ.

1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮ ತನ್ನ ಪಾಲಿನ ದಕ್ಷಿಣದ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನೂ ಕರ್ನೂಲಿನ ಕೆಲವು ಭಾಗಗಳನ್ನೂ ಒಳಗೊಂಡ ಈ ವಿಶಾಲ ಪ್ರದೇಶವೇ ದತ್ತಮಂಡಲ. ಇಂದಿನ ಸಿರುಗುಪ್ಪ, ಕುರುಗೋಡು, ಹಚ್ಚೊಳ್ಳಿಗಳೆಲ್ಲ ಅದರೊಳಗೇ ಇದ್ದವು. ಇದಕ್ಕೆ ಪ್ರಧಾನ ಕಲೆಕ್ಟರ್ ಆಗಿ ಬಂದ ಮನ್ರೋನಿಗೆ ನಾಲ್ವರು ಸಹಾಯಕರು. ಸೀಮೆಯ ಸ್ಥಿತಿ ಶೋಚನೀಯವಾಗಿತ್ತು. ಎಂಬತ್ತರಷ್ಟು ಪಾಳೆಯಗಾರರು ತಮ್ಮ ತಮ್ಮ ಕೋಟೆಗಳಲ್ಲಿ ಕುಳಿತು ಕೈಗೆ ಸಿಕ್ಕಿದ್ದನ್ನು ವಸೂಲು ಮಾಡುತ್ತಿದ್ದರು. ಒಂದು ಹೊಲದ ಕಂದಾಯ ಎಷ್ಟು ಎಂಬುದಕ್ಕೆ ನೆಲೆಯಾದ ಲೆಕ್ಕವಿರಲಿಲ್ಲ. ಕೇಳುವವನ ಬಲ, ಕೊಡುವವನ ದೌರ್ಬಲ್ಯ ಇವೆರಡೇ ಅಳತೆಗೋಲು.

ಮನ್ರೋ ಬಂದ ಮೊದಲ ವರ್ಷಗಳು ಆತನ ಗುಣದೋಷಗಳೆರಡನ್ನೂ ತೋರಿಸುತ್ತವೆ. ಪಾಳೆಯಗಾರರನ್ನು ಆತ ನಿರ್ದಾಕ್ಷಿಣ್ಯವಾಗಿ ಅಡಗಿಸಿದ. ಕೆಲವರನ್ನು ಸೀಮೆಯಿಂದಲೇ ಹೊರಗೆ ಹಾಕಿದ. ಅದೇ ಕಾಲಕ್ಕೆ ಕಂದಾಯ ಕೊಡಲು ಒಪ್ಪದೆ ಎದುರು ನಿಂತ ಗ್ರಾಮದ ಮೇಲೆ ಸೈನ್ಯವೂ ನುಗ್ಗಿತು. ಏಳು ವರ್ಷಗಳಲ್ಲಿ ದತ್ತಮಂಡಲದ ಕಂದಾಯ ಅರ್ಧದಷ್ಟು ಏರಿತು. ಶಾಂತಿ ನೆಲೆಸಿ ಸಾಗುವಳಿ ಹಬ್ಬಿದ್ದರಿಂದ ಬಂದದ್ದು ಅದರಲ್ಲಿ ಒಂದು ಭಾಗ. ರೈತನನ್ನು ಬಿಗಿಯಾಗಿ ಹಿಂಡಿದ್ದರಿಂದ ಬಂದದ್ದು ಇನ್ನೊಂದು ಭಾಗ. ಮನ್ರೋನನ್ನು ಬರಿಯ ರೈತಬಂಧುವೆಂದು ಕೊಂಡಾಡುವವರು ಈ ಎರಡನೆಯ ಭಾಗವನ್ನು ಮರೆಯಬಾರದು.

ಆದರೆ ಕುದುರೆಯ ಮೇಲೆ ಊರೂರು ಸುತ್ತಿ, ಡೇರೆಗಳಲ್ಲಿ ವಾಸಮಾಡಿ, ಬಂದವರ ಅಹವಾಲು ಕೇಳುತ್ತ ಕಳೆದ ಆ ವರ್ಷಗಳಲ್ಲಿ ಆತನಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಅಳತೆಯಿಲ್ಲದೆ ದರವಿಲ್ಲ. 1802ರಲ್ಲಿ ಭೂಮಾಪನ ಆರಂಭವಾಯಿತು; ಮುಗಿಯುವ ಹೊತ್ತಿಗೆ 1806 ಬಂದಿತ್ತು. 33 ಅಡಿಯ ಸರಪಳಿ ಹಿಡಿದ ಗುಮಾಸ್ತರು ಪ್ರತಿ ಹೊಲವನ್ನೂ ಅಳೆದರು. ಅಳತೆಯ ಹಿಂದೆಯೇ ದರ ಕಟ್ಟುವವರು ಬಂದರು. ಊರಿನ ರೆಡ್ಡಿ ಅಥವಾ ಗೌಡ, ಕರಣಂ ಮತ್ತು ರೈತರನ್ನು ಸೇರಿಸಿ, ಯಾವ ನೆಲ ಎಂಥದು, ಕಪ್ಪುಮಣ್ಣೋ ಮಸಬೋ, ನೀರಿನ ಆಸರೆ ಇದೆಯೋ ಇಲ್ಲವೋ ಎಂದು ಅವರ ಬಾಯಿಂದಲೇ ತಿಳಿದು ವರ್ಗ ಮಾಡಿದರು. ತಕರಾರು ಎದ್ದರೆ ಮತ್ತೊಮ್ಮೆ ಪರಿಶೀಲನೆ. ಗುಟ್ಟಾಗಿ ಕಟ್ಟಿದ ದರವನ್ನು ಊರು ನಂಬುವುದಿಲ್ಲ ಎಂಬುದು ಆತನಿಗೆ ಗೊತ್ತಿತ್ತು.

ನನ್ನ ಮಟ್ಟಿಗೆ ಮನ್ರೋನ ಅತ್ಯಂತ ದೊಡ್ಡ ಕೆಲಸ ಇದರ ನಂತರದ್ದು. 1807ರಲ್ಲಿ ಊರಿಗೆ ಮರಳುವ ಮುನ್ನ ಆತ ಮದರಾಸಿನ ಮೇಲಧಿಕಾರಿಗಳಿಗೆ ಒಂದು ವರದಿ ಕಳುಹಿಸಿದ. ತಾನೇ ಕಟ್ಟಿಸಿದ ದರ ಹೆಚ್ಚಾಗಿದೆ, ಅದನ್ನು ಶೇ 25ರಷ್ಟು ಇಳಿಸಬೇಕು ಎಂಬುದು ಅದರ ಸಾರ. ಬಾವಿಯಿಂದಲೋ ಹೊಳೆ ಹಳ್ಳಗಳಿಂದಲೋ ನೀರೆತ್ತಿ ಬೆಳೆಯುವ ಭೂಮಿಗೆ ಇಳಿಕೆ ಇನ್ನೂ ಹೆಚ್ಚು, ಒಟ್ಟು ಶೇ 33. ನೀರೆತ್ತಲು ಎತ್ತು, ಕಪಿಲೆ, ಆಳು ಎಲ್ಲವೂ ರೈತನ ಸ್ವಂತ ಖರ್ಚು. ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯದ ದರ ಅನ್ಯಾಯದ್ದು ಮಾತ್ರವಲ್ಲ, ಕೊನೆಗೆ ವಸೂಲೂ ಆಗದು ಎಂಬುದು ಆತನ ವಾದ. ಅರ್ಥಶಾಸ್ತ್ರ ಓದಿದ ನನಗೆ, ದರಕ್ಕೂ ಕೊಡುವ ಶಕ್ತಿಗೂ ಇರುವ ಸಂಬಂಧವನ್ನು ಇಷ್ಟು ಸರಳವಾಗಿ ಹೇಳಿದ ಸರ್ಕಾರಿ ಕಾಗದಗಳು ಹೆಚ್ಚು ಸಿಕ್ಕಿಲ್ಲ.

ಸರ್ಕಾರ ಈ ಸಲಹೆಯನ್ನು ಆಗ ಒಪ್ಪಲಿಲ್ಲ. ಯುದ್ಧಗಳಿಂದ ಬೊಕ್ಕಸ ಬರಿದಾಗಿತ್ತು. ಬಂಗಾಳದಲ್ಲಿ 1793ರಲ್ಲಿ ಜಾರಿಗೆ ಬಂದ ಜಮೀನ್ದಾರಿ ವ್ಯವಸ್ಥೆಯ ಮೋಹವೂ ಇನ್ನೂ ಇಳಿದಿರಲಿಲ್ಲ. ಒಬ್ಬೊಬ್ಬ ರೈತನೊಡನೆ ವ್ಯವಹರಿಸುವ ಕಷ್ಟ ಬೇಡವೆಂದು ಊರಿಗೆ ಊರನ್ನೇ ಗುತ್ತಿಗೆಗೆ ಕೊಟ್ಟರು. ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. 1808ರಲ್ಲಿ ದತ್ತಮಂಡಲ ಒಡೆದು ಬಳ್ಳಾರಿ ಪ್ರತ್ಯೇಕ ಜಿಲ್ಲೆಯಾಯಿತು. ಆ ಹೊಸ ಜಿಲ್ಲೆಯ ಮೊದಲ ಅನುಭವವೇ ಗುತ್ತಿಗೆದಾರರ ಕಾಲ. ಗುತ್ತಿಗೆದಾರ ಅವಧಿಯೊಳಗೆ ಎಷ್ಟು ಸಾಧ್ಯವೋ ಅಷ್ಟು ಬಾಚಿಕೊಂಡ, ಇಲ್ಲವೇ ತಾನೇ ದಿವಾಳಿಯಾದ. ಎರಡರಲ್ಲೂ ಹೊಡೆತ ತಿಂದದ್ದು ಊರು.

ಮನ್ರೋ ಇಂಗ್ಲೆಂಡಿನಲ್ಲಿ ಸುಮ್ಮನೆ ಕೂರಲಿಲ್ಲ. ಕಂಪನಿಯ ಸನ್ನದಿನ ನವೀಕರಣದ ಚರ್ಚೆ ನಡೆದಾಗ ಪಾರ್ಲಿಮೆಂಟಿನ ಮುಂದೆ ಸಾಕ್ಷ್ಯ ನುಡಿದು, ರೈತನೊಡನೆ ನೇರ ವ್ಯವಹಾರವೇ ಸರಿ ಎಂದು ವಾದಿಸಿದ. 1814ರಲ್ಲಿ ಮದುವೆಯಾಗಿ, ನ್ಯಾಯಾಡಳಿತ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಮದರಾಸಿಗೆ ಮರಳಿದ. ಊರ ಮುಖಂಡರಿಗೂ ಪಂಚಾಯ್ತಿಗಳಿಗೂ ಸಣ್ಣ ವ್ಯಾಜ್ಯಗಳನ್ನು ತೀರ್ಮಾನಿಸುವ ಅಧಿಕಾರ ನೀಡಿದ 1816ರ ಕಾಯಿದೆಗಳು ಆ ಆಯೋಗದ ಫಲ. ಮರಾಠರೊಡನೆ ನಡೆದ ಕೊನೆಯ ಯುದ್ಧದಲ್ಲಿ, 1818ರಲ್ಲಿ, ಸಣ್ಣ ಪಡೆಯೊಂದಿಗೆ ಬಾದಾಮಿ, ಬೆಳಗಾವಿ ಕೋಟೆಗಳನ್ನು ಹಿಡಿದ. 1820ರ ಜೂನಿನಲ್ಲಿ ಮದರಾಸಿನ ಗವರ್ನರ್ ಆದ. ಹದಿಮೂರು ವರ್ಷ ಹಿಂದೆ ಕಲೆಕ್ಟರನಾಗಿ ಬರೆದಿದ್ದ ಸಲಹೆ ಗವರ್ನರನ ಕಾಲದಲ್ಲಿ ಜಾರಿಗೆ ಬಂದಿತು. ರೈತವಾರಿ ಪದ್ಧತಿ ಮರಳಿತು, ದರಗಳು ಇಳಿದವು.

ಲೆಕ್ಕ ಹಿಡಿಯುವ ಆತನ ಹಟ ಕಂದಾಯಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. 1822ರಲ್ಲಿ ಪ್ರಾಂತ್ಯದ ಶಾಲೆಗಳ ಗಣತಿಗೆ ಆಜ್ಞೆ ಮಾಡಿದ. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ಕಳುಹಿಸಿದ ವರದಿಯ ಪ್ರಕಾರ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಜಿಲ್ಲೆಯಲ್ಲಿ ಇದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಭಾರತೀಯರನ್ನು ಉನ್ನತ ಹುದ್ದೆಗಳಿಂದ ದೂರವಿಟ್ಟ ಆಳ್ವಿಕೆ ಜನರ ಶೀಲವನ್ನೇ ಕುಗ್ಗಿಸುತ್ತದೆ ಎಂದು ಎಚ್ಚರಿಸಿದವನೂ ಆತನೇ. ಇಲ್ಲಿ ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಡುವುದು ಅಪಾಯವೆಂದು ವಿರೋಧಿಸಿದವನೂ ಆತನೇ. ಊರವರ ದೂರು ಕೇಳಬೇಕೆಂದವನಿಗೆ, ಅದೇ ದೂರು ಅಚ್ಚಾಗಿ ಬರುವುದು ಬೇಡವಾಗಿತ್ತು.

1827ರಲ್ಲಿ ಅಧಿಕಾರ ಬಿಡುವ ಮೊದಲು ದತ್ತಮಂಡಲವನ್ನು ಕೊನೆಯ ಬಾರಿ ನೋಡಿಬರಲು ಹೊರಟ. ಸೀಮೆಯಲ್ಲಿ ಕಾಲರಾ ಹರಡಿತ್ತು. ಜುಲೈ 6ರಂದು, ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಪತ್ತಿಕೊಂಡದಲ್ಲಿ ಅದೇ ರೋಗಕ್ಕೆ ಬಲಿಯಾದ. ಗುತ್ತಿಯಲ್ಲಿ ಮಣ್ಣು ಮಾಡಿದರು. 1831ರಲ್ಲಿ ಅವಶೇಷಗಳನ್ನು ಮದರಾಸಿನ ಕೋಟೆಯ ಚರ್ಚಿಗೆ ಒಯ್ದರು. ಮಂತ್ರಾಲಯದ ಇನಾಮಿನ ತಕರಾರು ಬಗೆಹರಿಸಲು ಹೋದ ಮನ್ರೋನಿಗೆ ರಾಘವೇಂದ್ರ ಸ್ವಾಮಿಗಳ ದರ್ಶನವಾಯಿತೆಂಬ ಕಥೆಯನ್ನು ನಮ್ಮ ಕಡೆಯ ಜನ ಇಂದಿಗೂ ಹೇಳುತ್ತಾರೆ. ಸತ್ಯಾಸತ್ಯತೆ ಏನೇ ಇರಲಿ, ತೆರಿಗೆ ಎತ್ತಿದ ಅಧಿಕಾರಿಯ ಬಗ್ಗೆ ಜನ ಇಂಥ ಕಥೆ ಕಟ್ಟುವುದು ಅಪರೂಪ.

ನಿಯಂತ್ರಣ ಆಯೋಗದ ಅತಿಥಿಗಳಿಗೆ ಇದರಿಂದೇನು ಎಂದು ಕೇಳಬಹುದು. ನಮ್ಮ ರಾಜ್ಯದಲ್ಲಿ 1999ರ ಸುಧಾರಣಾ ಕಾಯಿದೆಯಡಿ ವಿದ್ಯುತ್ ನಿಯಂತ್ರಣ ಆಯೋಗ ಹುಟ್ಟಿತು. ಮನ್ರೋನ ಕಾಲದ ದೊಡ್ಡ ದೋಷವೊಂದನ್ನು ಈ ವ್ಯವಸ್ಥೆ ತಿದ್ದಿತು. ಆಗ ದರ ಕಟ್ಟುವವನೂ ವಸೂಲು ಮಾಡುವವನೂ ಒಬ್ಬನೇ. ಈಗ ಬಳ್ಳಾರಿಗೆ ವಿದ್ಯುತ್ ಪೂರೈಸುವ ಜೆಸ್ಕಾಂ ಬೇರೆ, ದರ ತೀರ್ಮಾನಿಸುವ ಆಯೋಗ ಬೇರೆ. 2003ರ ವಿದ್ಯುತ್ ಕಾಯಿದೆಯ ಪ್ರಕಾರ ದರದ ಅರ್ಜಿಯನ್ನು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸಿ, 120 ದಿನಗಳೊಳಗೆ ಆದೇಶ ನೀಡಬೇಕು. ಇದು ಸಣ್ಣ ಸಾಧನೆಯಲ್ಲ.

ಆದರೆ ಮನ್ರೋನ ಮೊದಲ ಪಾಠವನ್ನು ನಾವು ಇನ್ನೂ ಕಲಿತಿಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ 2008ರಿಂದ ಉಚಿತ ವಿದ್ಯುತ್ ಇದೆ. ಅವುಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. ಬಳಕೆಯನ್ನು ಅಂದಾಜಿನಿಂದ ಲೆಕ್ಕ ಹಾಕುತ್ತಾರೆ. ಆ ಅಂದಾಜಿನ ಮೇಲೆ ಸಹಾಯಧನ, ಸಹಾಯಧನದ ಮೇಲೆ ಕಂಪನಿಯ ಲೆಕ್ಕ, ಅದರ ಮೇಲೆ ಉಳಿದವರೆಲ್ಲರ ದರ. ರೈತನಿಗೆ ರಿಯಾಯಿತಿ ಕೊಡಬಾರದೆಂದು ನಾನು ಹೇಳುತ್ತಿಲ್ಲ; ನೀರೆತ್ತುವವನಿಗೆ ಹೆಚ್ಚಿನ ರಿಯಾಯಿತಿ ಬೇಕೆಂದು ಮನ್ರೋನೇ ಹೇಳಿದ್ದ. ಆದರೆ ಆತ ಅಳೆದ ಮೇಲೆ ಇಳಿಸಿದ. ನಾವು ಅಳೆಯದೆ ಬಿಟ್ಟುಕೊಡುತ್ತಿದ್ದೇವೆ. ಅಳತೆಯಿಲ್ಲದ ಕಡೆ ಸೋರಿಕೆ, ಕಳವು, ರೈತನ ನಿಜವಾದ ಬಳಕೆ ಎಲ್ಲವೂ ಒಂದೇ ಖಾತೆಗೆ ಬೀಳುತ್ತವೆ. ಹೆಸರು ಮಾತ್ರ ರೈತನದು.

ಎರಡನೆಯ ಪಾಠ ದುರಸ್ತಿಯದು. ತಂತಮ್ಮ ಖರ್ಚಿನಲ್ಲಿ ನೀರಿನ ಮೂಲ ಕಾಯುವವರಿಗೆ ದರದಲ್ಲಿ ಬಿಡುವು ಕೊಡಬೇಕೆಂಬ ಮನ್ರೋನ ಎಣಿಕೆಯಲ್ಲಿ, ಸೇವೆಯನ್ನು ಸುಸ್ಥಿತಿಯಲ್ಲಿಡುವ ವೆಚ್ಚವನ್ನು ಯಾರೋ ಒಬ್ಬರು ಹೊರಲೇಬೇಕೆಂಬ ಅರಿವಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಕಾಲುವೆಯ ನೀರು ನಂಬಿದ ಸಿರುಗುಪ್ಪ ಸೀಮೆಯ ಭತ್ತದ ಬೆಳೆಗಾರರ ಎದೆ ನಡುಗಿತು. ನೀರಿನ ದರ ಎಷ್ಟಿರಬೇಕೆಂಬ ಚರ್ಚೆಯಲ್ಲಿ ಇಂಥ ಸರಪಳಿಗಳ ವೆಚ್ಚದ ಮಾತು ಎಷ್ಟು ಬಾರಿ ಬರುತ್ತದೆ?

ಮೂರನೆಯದು ಕೇಳುವ ಪಾಠ. ವಿಚಾರಣೆಯ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ. ಅರ್ಜಿಯೊಡನೆ ಅಂಕಿಅಂಶಗಳ ದಪ್ಪ ಸಂಪುಟವಿರುತ್ತದೆ. ಕೈಗಾರಿಕಾ ಸಂಘಗಳವರು ಲೆಕ್ಕಪರಿಶೋಧಕರನ್ನು ಕರೆತಂದು ವಾದಿಸುತ್ತಾರೆ. ಹಚ್ಚೊಳ್ಳಿಯಂಥ ಗಡಿಗ್ರಾಮದ ರೈತ ಒಂದು ದಿನದ ದುಡಿಮೆ ಬಿಟ್ಟು ಜಿಲ್ಲಾ ಕೇಂದ್ರವನ್ನೂ ದಾಟಿ ಹೋಗಿ, ಎರಡು ನಿಮಿಷ ಮಾತಾಡಿ ಬರಬೇಕೆಂದರೆ ಅದು ಕಾನೂನಿನ ಮಟ್ಟಿಗೆ ಮಾತ್ರ ವಿಚಾರಣೆ. ಸುಟ್ಟ ಟ್ರಾನ್ಸ್‌ಫಾರ್ಮರ್ ಎಷ್ಟು ದಿನಕ್ಕೆ ಬದಲಾಯಿತು, ಮೂರು ಫೇಸ್ ವಿದ್ಯುತ್ ಯಾವ ಹೊತ್ತಿನಲ್ಲಿ ಬರುತ್ತದೆ, ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿತೋ ಇಲ್ಲವೋ ಎಂಬುದು ಆ ಸಂಪುಟಗಳಲ್ಲಿ ಕಾಣುವುದಿಲ್ಲ. ಅದನ್ನು ಬಲ್ಲವನು ಹೊಲದಲ್ಲಿದ್ದಾನೆ.

ಆದ್ದರಿಂದ ಬಳ್ಳಾರಿಗೆ ಬರುವ ನಿಯಂತ್ರಕರಿಗೆ ನನ್ನ ಸ್ವಾಗತ ಹೃತ್ಪೂರ್ವಕವಾದದ್ದೇ. ಜೊತೆಗೊಂದು ಬಿನ್ನಹವೂ ಇದೆ. ಸಮ್ಮೇಳನದ ಎರಡನೆಯ ದಿನವನ್ನು ಸಿರುಗುಪ್ಪದ ಕಡೆಯ ಒಂದು ಊರಿನ ಕಟ್ಟೆಯ ಮೇಲೆ ನಡೆಸಿ. ಕಂಪನಿಯ ಲೆಕ್ಕವನ್ನು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ಊರವರ ಕೈಗೆ ಮುಂಚಿತವಾಗಿ ಕೊಡಿ. ಮನ್ರೋ ಪರಕೀಯ ಸರ್ಕಾರದ ಬೊಕ್ಕಸ ತುಂಬಲು ಬಂದಿದ್ದವನು. ಆತನಿಗೇ ಊರಿನ ಮಾತು ಕೇಳದೆ ದರ ಕಟ್ಟಲಾಗದೆಂದು ತಿಳಿಯಿತು. ನಮ್ಮದೇ ಕಾನೂನಿನಿಂದ, ನಮ್ಮ ಹೆಸರಿನಲ್ಲಿ ದರ ಕಟ್ಟುವ ಆಯೋಗಗಳು ಅಷ್ಟು ದೂರ ನಡೆದು ಬರಬೇಕೆಂದು ಕೇಳುವ ಹಕ್ಕು ಊರಿಗಿದೆ.