ನಗುವಿಗೆ ಜಾಗ ಬಿಟ್ಟ ಜಾನಿ

ಕಳೆದ ವರ್ಷ ಒಂದು ಕಂಪನಿಯ ಗ್ರೂಪ್ ಡಿಸ್ಕಷನ್‌ನಲ್ಲಿ ಹತ್ತು ನಿಮಿಷಕ್ಕೆ ಏಳೆಂಟು ಸಲ ಬಾಯಿ ಹಾಕಿದ್ದೆ. ಮೊದಲು ಮಾತಾಡು, ಜಾಸ್ತಿ ಮಾತಾಡು ಎಂದು ಸೀನಿಯರ್‌ಗಳು ಹೇಳಿಕೊಟ್ಟಿದ್ದರು. ಕೆಲಸ ಸಿಕ್ಕಿದ್ದು ಎರಡೇ ಸಲ ಮಾತಾಡಿದ ಹುಡುಗಿಗೆ. ಆ ರಾತ್ರಿ ನಿದ್ದೆ ಬರದೆ ಮೊಬೈಲ್ ನೋಡುತ್ತಿದ್ದಾಗ 1965ರ ಹಳೇ ವಿಡಿಯೊ ಒಂದು ಕಣ್ಣಿಗೆ ಬಿತ್ತು.

ಅಮೆರಿಕದ ಎನ್‌ಬಿಸಿ ವಾಹಿನಿಯ ‘ದಿ ಟುನೈಟ್ ಶೋ’ ಅದು. ಎಡ್ ಏಮ್ಸ್ ಎಂಬ ನಟ ಕೈಕೊಡಲಿ ಎಸೆಯುವ ವಿದ್ಯೆ ತೋರಿಸಲು ಬಂದಿದ್ದರು. ಹಲಗೆಯ ಮೇಲೆ ಒಬ್ಬ ಗಂಡಸಿನ ಚಿತ್ರ. ಕೊಡಲಿ ಹೋಗಿ ನೆಟ್ಟಿದ್ದು ಹೇಳಬಾರದ ಜಾಗಕ್ಕೆ! ಏಮ್ಸ್ ನಾಚಿಕೊಂಡು ಕೀಳಲು ಹೊರಟರೆ ನಿರೂಪಕರು ತೋಳು ಹಿಡಿದು ನಿಲ್ಲಿಸಿಬಿಟ್ಟರು. ತಾವೂ ಸುಮ್ಮನೆ ನಿಂತರು. ಜನ ನಕ್ಕರು, ನಗುತ್ತಲೇ ಇದ್ದರು. ನಗು ಇಳಿಯುವಾಗ ನಿರೂಪಕರು ಒಂದು ಮಾತು ಸೇರಿಸಿದರು ಅಷ್ಟೇ, ಸ್ಟುಡಿಯೊ ಮತ್ತೆ ಉಕ್ಕಿತು. ಆ ಸುಮ್ಮನಿರುವಿಕೆಯನ್ನು ನಾನು ಐದಾರು ಸಲ ನೋಡಿದೆ.

ಅವರೇ ಜಾನಿ ಕಾರ್ಸನ್. 1925ರಲ್ಲಿ ಅಯೋವಾದಲ್ಲಿ ಹುಟ್ಟಿ, ನೆಬ್ರಾಸ್ಕಾದ ನಾರ್ಫೋಕ್ ಎಂಬ ಸಣ್ಣ ಊರಲ್ಲಿ ಬೆಳೆದವರು. ಸಂಕೋಚದ ಹುಡುಗ. ಜಾದೂ ಕಲಿತು, ಹದಿನಾಲ್ಕರ ವಯಸ್ಸಿಗೇ ‘ದಿ ಗ್ರೇಟ್ ಕಾರ್ಸೋನಿ’ ಎಂಬ ಹೆಸರಿಟ್ಟುಕೊಂಡು ಪ್ರದರ್ಶನ ಕೊಡುತ್ತಿದ್ದ. ಕಾಲೇಜಿನ ಕೊನೆಗೆ ರೇಡಿಯೊ ಹಾಸ್ಯ ಹೇಗೆ ಕಟ್ಟುತ್ತಾರೆ ಎಂಬುದರ ಮೇಲೆ ಪ್ರಬಂಧವನ್ನು ಟೇಪಿನಲ್ಲಿ ರೆಕಾರ್ಡ್ ಮಾಡಿ ಒಪ್ಪಿಸಿದರು! ಅವರು ಆರಾಧಿಸುತ್ತಿದ್ದ ಜಾಕ್ ಬೆನ್ನಿ, ಒಳ್ಳೆಯ ಜೋಕುಗಳನ್ನು ಜೊತೆಗಾರರ ಬಾಯಿಗೆ ಬಿಟ್ಟುಕೊಡುತ್ತಿದ್ದ ಹಾಸ್ಯಗಾರ.

1962ರ ಅಕ್ಟೋಬರ್‌ 1ರಿಂದ ಮೂವತ್ತು ವರ್ಷ ಕಾರ್ಸನ್ ಆ ಮೇಜಿನ ಹಿಂದೆ ಕೂತರು. ಅತಿಥಿಗಳು ಹೇಳುವ ತಮಾಷೆ ಪ್ರಸಂಗಗಳು ದಿಢೀರನೆ ಹುಟ್ಟುತ್ತವೆ ಎಂದುಕೊಂಡಿದ್ದೆ. ಹಾಗಲ್ಲ. ಸಿಬ್ಬಂದಿ ಮೊದಲೇ ಅತಿಥಿಯ ಜತೆ ಮಾತಾಡಿ, ಯಾವ ಕಥೆ ಹೇಳಿಸಬೇಕೆಂದು ಗುರುತು ಮಾಡಿ ಕೊಡುತ್ತಿದ್ದರು. ಗೊತ್ತಿರುವ ಕಥೆಯನ್ನೇ ಮೊದಲ ಸಲ ಕೇಳುವವರಂತೆ ಕೇಳುವುದು ಕಾರ್ಸನ್ ಕೆಲಸ. ಕಥೆ ಸೊರಗಿದರೆ ಒಂದು ಪ್ರಶ್ನೆ, ಒಂದು ಹುಬ್ಬೇರಿಕೆ. ಓಡುತ್ತಿದ್ದರೆ ಮೌನ. 1981ರಲ್ಲಿ ನಟ ಜೇಮ್ಸ್ ಸ್ಟೂವರ್ಟ್ ತೀರಿಹೋದ ತಮ್ಮ ನಾಯಿ ಬೋ ಬಗ್ಗೆ ಬರೆದ ಪದ್ಯ ಓದಿದರು. ನಗುವಿನಿಂದ ಶುರುವಾದದ್ದು ಎಲ್ಲಿಗೋ ಹೋಯಿತು. ಕೊನೆಗೆ ಕಾರ್ಸನ್ ಕಣ್ಣೊರೆಸಿಕೊಳ್ಳುತ್ತಿದ್ದರು.

ಹೊಸ ಹಾಸ್ಯಗಾರರ ಪಾಲಿಗೆ ಅದು ಒಂದು ಥರ ಇಂಟರ್‌ವ್ಯೂ. ಪ್ರದರ್ಶನ ಮುಗಿದ ಮೇಲೆ ಕಾರ್ಸನ್ ಸೋಫಾಗೆ ಕರೆದರೆ ಬದುಕೇ ಬದಲಾಗುತ್ತಿತ್ತು. 1965ರಲ್ಲಿ ಜೋನ್ ರಿವರ್ಸ್ ಬದುಕೂ ಆ ಶೋದಿಂದಲೇ ಬದಲಾಯಿತು. ಆದರೆ 1986ರಲ್ಲಿ ಅದೇ ರಿವರ್ಸ್ ಬೇರೆ ವಾಹಿನಿಯಲ್ಲಿ ಸ್ವಂತ ಶೋ ಶುರು ಮಾಡಿದಾಗ ಕಾರ್ಸನ್ ಮಾತು ಬಿಟ್ಟವರು ಮತ್ತೆ ಮಾತಾಡಲೇ ಇಲ್ಲ. ಈ ಮೌನ ನನಗೆ ಹಿಡಿಸುವುದಿಲ್ಲ.

ಕ್ಯಾಮೆರಾ ಆಚೆ ಅವರು ಪಾರ್ಟಿಗಳಲ್ಲಿ ಮುದುಡಿಕೊಳ್ಳುತ್ತಿದ್ದರು. ನಾಲ್ಕು ಮದುವೆ. 1991ರಲ್ಲಿ ಮಗ ರಿಕ್ ಕಾರು ಅಪಘಾತದಲ್ಲಿ ತೀರಿಕೊಂಡ. ಕೆಲವೇ ವಾರಗಳಲ್ಲಿ ಕೆಲಸಕ್ಕೆ ಮರಳಿದ ಅಪ್ಪ, ಕಾರ್ಯಕ್ರಮದ ಕೊನೆಗೆ ಮಗ ತೆಗೆದ ಫೋಟೊಗಳನ್ನು ತೋರಿಸಿದರು.

1992ರ ಮೇ 22ರಂದು ಅತಿಥಿಗಳಿಲ್ಲದ ಕೊನೆಯ ಶೋ ಮುಗಿಸಿ ಹೊರಟವರು ಟಿ.ವಿ. ಕಡೆ ಬಂದಿದ್ದೇ ಅಪರೂಪ. ಜೋಕುಗಳನ್ನು ಮಾತ್ರ ಬರೆದು ಡೇವಿಡ್ ಲೆಟರ್‌ಮನ್‌ಗೆ ಕಳಿಸುತ್ತಿದ್ದರು. 2005ರ ಜನವರಿ 23ರಂದು ಕಾರ್ಸನ್ ತೀರಿಕೊಂಡರು. ನಂತರದ ತಮ್ಮ ಮೊದಲ ಶೋದಲ್ಲಿ ಲೆಟರ್‌ಮನ್ ಎಂದಿನಂತೆ ಜೋಕು ಹೇಳಿದರು, ಜನ ಎಂದಿನಂತೆ ನಕ್ಕರು. ಅಷ್ಟೂ ಜೋಕು ಕಾರ್ಸನ್ ಬರೆದು ಕಳಿಸಿದ್ದವು ಎಂದು ಆಮೇಲೆ ತಿಳಿಸಿದರು.