ಬಂದೂಕಿಗೆ ಬಿಗಿದ ಬೆಳಕು: ಕೆನೆತ್ ಆಂಡರ್ಸನ್ ಬೇಟೆಯ ಬದುಕು

ಹಾಸನ ಜಿಲ್ಲೆ ಎಂದೊಡನೆ ನೆನಪಾಗುವುದು ಬೇಲೂರು, ಹಳೇಬೀಡು, ಮೊಸಳೆಯ ಜೋಡಿ ದೇಗುಲಗಳು. ಅದೇ ಜಿಲ್ಲೆಯ ಉತ್ತರದಲ್ಲಿರುವ ಅರಸೀಕೆರೆ ಸೀಮೆಯ ಕಲ್ಲುಗುಡ್ಡಗಳು ಕರಡಿಗಳ ನೆಲೆ. ಅಲ್ಲಿನ ಒಂದು ಪುಂಡ ಕರಡಿಯನ್ನು ದೇಶವಿದೇಶಗಳ ಓದುಗರಿಗೆ ಪರಿಚಯಿಸಿದವರು ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್.

ಆಂಡರ್ಸನ್ ಜನಿಸಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದಿನ ಬೊಳಾರಂನಲ್ಲಿ. ಆರು ತಲೆಮಾರುಗಳಿಂದ ಭಾರತದಲ್ಲೇ ನೆಲೆಸಿದ್ದ ಸ್ಕಾಟಿಷ್ ಮೂಲದ ಕುಟುಂಬ ಅವರದು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು. ಕಾನೂನು ಕಲಿಯಲೆಂದು ಎಡಿನ್‌ಬರೋಗೆ ಕಳುಹಿಸಿದರೆ ಅರ್ಧಕ್ಕೇ ಬಿಟ್ಟು ಮರಳಿದರು. ಸುಮಾರು 15 ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ದುಡಿದು, ಬಳಿಕ ಎಚ್‌ಎಎಲ್‌ನ ಪೂರ್ವರೂಪವಾದ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ವ್ಯವಸ್ಥಾಪಕರಾದರು. ರಜೆ ಸಿಕ್ಕಿದರೆ ಕಾಡು. ಸಿಗದಿದ್ದರೂ ಮನಸ್ಸು ಅಲ್ಲೇ.

ಅವರ ನೆಚ್ಚಿನ ಆಯುಧ .405 ವಿಂಚೆಸ್ಟರ್, 1895ರ ಮಾದರಿಯ ಅಮೆರಿಕನ್ ರೈಫಲ್. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾದ ಬೇಟೆಗೆ ಒಯ್ದದ್ದೂ ಇದೇ ಬಗೆಯದನ್ನು. ಸನ್ನೆಯನ್ನು ಕೆಳಗೆಳೆದು ಮೇಲೊತ್ತಿದರೆ ಮುಂದಿನ ತೋಟಾ ನಳಿಕೆ ಸೇರುತ್ತದೆ. ಖಾಲಿ ತೋಟಾ ಮೇಲ್ಭಾಗದಿಂದ ಚಿಮ್ಮಿ ಹೊರಬೀಳುತ್ತದೆ. ಈ ರಚನೆಯಲ್ಲೇ ಒಂದು ತೊಡಕಿತ್ತು. ಗುರಿಯನ್ನು ದೊಡ್ಡದಾಗಿ ತೋರುವ ದುರ್ಬೀನನ್ನು ನೆತ್ತಿಯ ಮೇಲೆಯೇ ಕೂರಿಸಿದರೆ ತೋಟಾ ಹೊರಬೀಳುವ ದಾರಿ ಮುಚ್ಚುತ್ತದೆ. ಪಕ್ಕಕ್ಕೆ ಸರಿಸಿ ಕೂರಿಸಲು ಪ್ರತ್ಯೇಕ ಹಿಡಿಕೆಯನ್ನೇ ಮಾಡಿಸಬೇಕು. ಅಷ್ಟಕ್ಕೂ ನರಭಕ್ಷಕಗಳ ಬೇಟೆಯಲ್ಲಿ ದೂರ ದೊಡ್ಡ ಸಮಸ್ಯೆಯಲ್ಲ, ಕತ್ತಲೆಯೇ ಸಮಸ್ಯೆ. ಆದ್ದರಿಂದ ಆಂಡರ್ಸನ್ ರೈಫಲಿಗೆ ಬಿಗಿದದ್ದು ದುರ್ಬೀನನ್ನಲ್ಲ, ಟಾರ್ಚನ್ನು.

ಕೇಳಲು ಸರಳ, ಮಾಡುವವನಿಗೆ ಮಾತ್ರ ಅದರ ಕಷ್ಟ ಗೊತ್ತು. ಟಾರ್ಚ್ ನಳಿಕೆಗೆ ಸಮಾನಾಂತರವಾಗಿ ನಿಲ್ಲಬೇಕು. ಬೆಳಕಿನ ಕೋಲು ಒಂದು ಕಡೆ, ಗುಂಡು ಇನ್ನೊಂದು ಕಡೆ ಹೋದರೆ ಅಟ್ಟಣೆಯ ಮೇಲೆ ಕುಳಿತವನಿಗೆ ಎರಡನೆಯ ಅವಕಾಶ ಸಿಗುವುದು ವಿರಳ. ಬೆಳಕಿನ ಒಂದಂಶ ನಳಿಕೆಯ ತುದಿಯ ಗುರಿಮೊನೆಯ ಮೇಲೂ ಬೀಳಬೇಕು, ಇಲ್ಲವಾದರೆ ಹುಲಿ ಕಂಡರೂ ಗುರಿ ಕಾಣದು. ಗುಂಡಿಯು ಹಿಡಿತ ಬದಲಿಸದೆ ಹೆಬ್ಬೆರಳಿಗೆ ಸಿಗಬೇಕು. ಲೋಹಕ್ಕೆ ಲೋಹ ತಾಗಿ ಸದ್ದಾದರೆ ಇಡೀ ರಾತ್ರಿಯ ಕಾಯುವಿಕೆ ವ್ಯರ್ಥ. .405ರ ಒದೆತವಂತೂ ಕುಖ್ಯಾತ; ಪ್ರತಿ ಗುಂಡಿಗೂ ಹಿಡಿಕೆಯ ತಿರುಪು ಒಂದಿಷ್ಟು ಸಡಿಲವಾಗುವ ಭಯ.

ಈ ಭಯ ಆಂಡರ್ಸನ್ ಒಬ್ಬರದೇ ಅಲ್ಲ. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಮೇಲೆ ಜಿಮ್ ಕಾರ್ಬೆಟ್ ಗುಂಡು ಹಾರಿಸಿದಾಗ ಅವರ ಟಾರ್ಚ್ ಕ್ಷಣಮಾತ್ರ ಬೆಳಗಿ ಆರಿಹೋಯಿತು. ಗುಂಡು ತಾಗಿತೋ ಇಲ್ಲವೋ ಎಂದು ತಿಳಿಯಲು ಅವರು ಬೆಳಗಿನವರೆಗೆ ಮರದ ಮೇಲೆಯೇ ಕಾದಿದ್ದರು.

ಅರಸೀಕೆರೆಯ ಕರಡಿ ಆಂಡರ್ಸನ್‌ಗೆ ಸುಲಭವಾಗಿ ದಕ್ಕಲಿಲ್ಲ. ನಾಗವಾರ ಗುಡ್ಡದ ಬಳಿಯ ದರ್ಗಾವೊಂದರ ಕಾವಲುಗಾರ ಅವರಿಗೆ ಪರಿಚಿತ. ಆತನ ಹರೆಯದ ಮಗ ರಾತ್ರಿ ಹೊರಬಂದಾಗ ಕರಡಿಗೆ ಬಲಿಯಾದ. ಸುದ್ದಿ ತಿಳಿದು ಬಂದ ಆಂಡರ್ಸನ್ ಕತ್ತಲಲ್ಲಿ ಹುಡುಕಿದರು, ಗುಡ್ಡ ಹತ್ತಿದರು, ಬರಿಗೈಲಿ ಮರಳಿದರು. ಕಪ್ಪು ಪ್ರಾಣಿ, ಕಪ್ಪು ಬಂಡೆ, ಕಪ್ಪು ರಾತ್ರಿ. ಟಾರ್ಚ್ ಎಷ್ಟೇ ಪ್ರಖರವಾಗಿದ್ದರೂ ಎತ್ತ ತಿರುಗಿಸಬೇಕೆಂಬುದು ಗೊತ್ತಿರಬೇಕಲ್ಲ! ಕೊನೆಗೆ ಆ ಕರಡಿ ಗುಂಡಿಗೆ ಬಲಿಯಾದದ್ದು ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಕಡೆ. ಈ ಕಥೆ 1957ರಲ್ಲಿ ಪ್ರಕಟವಾದ ಅವರ ಎರಡನೆಯ ಬೇಟೆ ಪುಸ್ತಕದಲ್ಲಿದೆ.

ಅಧಿಕೃತ ದಾಖಲೆಗಳ ಪ್ರಕಾರ 1939ರಿಂದ 1966ರವರೆಗೆ ಆಂಡರ್ಸನ್ ಕೊಂದ ನರಭಕ್ಷಕಗಳು 8 ಚಿರತೆ, 7 ಹುಲಿ. ಆದರೆ ಅದೇ ಅವಧಿಯಲ್ಲಿ ಕಾಡಿನಲ್ಲಿ ಬೇರೊಂದು ಬೆಳಕು ಓಡಾಡತೊಡಗಿತ್ತು. ಜೀಪು, ಕಾರುಗಳಲ್ಲಿ ಕುಳಿತು, ಪ್ರಖರ ದೀಪ ಹಾಯಿಸಿ, ಕಣ್ಣು ಕೋರೈಸಿ ನಿಂತ ಜಿಂಕೆ, ಕಡವೆಗಳನ್ನು ಹೊಡೆದುರುಳಿಸುವವರ ಬೆಳಕು ಅದು. ಅವರನ್ನು ಆಂಡರ್ಸನ್ ತಮ್ಮ ಬರಹಗಳಲ್ಲಿ ಕಟುವಾಗಿಯೇ ಖಂಡಿಸಿದರು. ಉಪಾಯ ಎರಡರಲ್ಲೂ ಒಂದೇ ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು. ಮಚಾನಿನ ಮೇಲೆ ರಾತ್ರಿಯಿಡೀ ಕುಳಿತವನ ಟಾರ್ಚಿಗೂ ರಸ್ತೆಯಿಂದಲೇ ಮಾಂಸ ಸಂಪಾದಿಸುವವನ ದೀಪಕ್ಕೂ ಇದ್ದ ಅಂತರ ಬೇಟೆಗಾರನ ಸಂಯಮವೊಂದೇ, ಮತ್ತು ಸಂಯಮ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಇಳಿವಯಸ್ಸಿನಲ್ಲಿ ಆಂಡರ್ಸನ್ ರೈಫಲಿಗಿಂತ ಕ್ಯಾಮೆರಾವನ್ನೇ ಹೆಚ್ಚು ಹಿಡಿದರು, ವನ್ಯಜೀವಿಗಳ ಉಳಿವಿನ ಪರವಾಗಿ ಬರೆದರು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದಾದ ಎರಡು ವರ್ಷಕ್ಕೆ, 1974ರ ಆಗಸ್ಟ್ 30ರಂದು, ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಆಂಡರ್ಸನ್ ಬೆಂಗಳೂರಿನಲ್ಲಿ ನಿಧನರಾದರು. ಅವರ ಕೊನೆಯ ಬೇಟೆ ಪುಸ್ತಕ ಹೊರಬಂದದ್ದು 1976ರಲ್ಲಿ. ಕನ್ನಡದಲ್ಲಿ ಅವರನ್ನು ಮನೆಮಾತಾಗಿಸಿದ ಕೀರ್ತಿ ಪೂರ್ಣಚಂದ್ರ ತೇಜಸ್ವಿಯವರದು; ಸ್ವತಃ ಕೋವಿ ಹಿಡಿದು ಮಲೆನಾಡಿನ ಕಾಡು ಸುತ್ತಿ, ಬಳಿಕ ಹಕ್ಕಿಗಳ ಛಾಯಾಗ್ರಹಣಕ್ಕೆ ಹೊರಳಿದ ಅವರು, ಆಂಡರ್ಸನ್ ಕಥೆಗಳನ್ನು ‘ಕಾಡಿನ ಕಥೆಗಳು’ ಮಾಲೆಯ ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದರು.