ಬಣ್ಣದ ನಿಜವನ್ನು ಅರಸಿದ ರಾಮನ್

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಕಾವೇರಿಯ ನೀರಿನಿಂದ ತಣಿದ ಊರು. ಅಲ್ಲಿನ ಗದ್ದೆಗಳಲ್ಲಿ ಬತ್ತದ ಪೈರು ತುಂಬಿ ನಿಂತಾಗ ಕಣ್ಣಿಗೆ ಕಾಣುವ ಹಸುರು ಒಂದು; ಅದೇ ಗದ್ದೆಯನ್ನು ಡಿಜಿಟಲ್ ಕ್ಯಾಮರಾದಲ್ಲಿ ಹಿಡಿದಾಗ ಮೂಡುವ ಹಸುರು ಇನ್ನೊಂದು. ಆ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ಸ್ಕ್ಯಾನರಿಗೆ ಒಡ್ಡಿದರೆ ಬರುವುದು ಮತ್ತೊಂದು ಹಸುರು. ಇವುಗಳಲ್ಲಿ ಯಾವುದು ನಿಜ? ಬಣ್ಣವಿರುವುದು ವಸ್ತುವಿನಲ್ಲೋ, ಬೆಳಕಿನಲ್ಲೋ, ನೋಡುವ ಕಣ್ಣಿನಲ್ಲೋ? ಡಿಜಿಟಲ್ ಕ್ಯಾಮರಾ ಬಳಕೆಗೆ ಬರುವ ಮೊದಲೇ ಇಂಥ ಪ್ರಶ್ನೆಗಳಿಗೆ ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಮೀಸಲಿಟ್ಟವರು, ಬೆಂಗಳೂರನ್ನು ತಮ್ಮ ನೆಲೆಯಾಗಿ ಮಾಡಿಕೊಂಡಿದ್ದ ಸರ್ ಚಂದ್ರಶೇಖರ ವೆಂಕಟರಾಮನ್.

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಅಧ್ಯಾಪಕರು, ಮನೆಯಲ್ಲಿ ಓದಿನ ವಾತಾವರಣವಿದ್ದಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ. ಎ., 1907ರಲ್ಲಿ ಎಂ. ಎ. ಪದವಿಗಳನ್ನು ಪಡೆದರು. ವಿಜ್ಞಾನವನ್ನೇ ವೃತ್ತಿಯಾಗಿ ಕೈಗೊಳ್ಳಲು ಆಗ ಅವಕಾಶಗಳು ವಿರಳವಾಗಿದ್ದವು. ಆದ್ದರಿಂದ ಅವರು ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಕಚೇರಿಯ ಕೆಲಸಕ್ಕೆ ಮೊದಲೂ ಅನಂತರವೂ ದೊರೆತ ವೇಳೆಯನ್ನೆಲ್ಲ ಅಲ್ಲಿನ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಾಲಯದಲ್ಲಿ ಕಳೆದರು. 1917ರಲ್ಲಿ ಹೆಚ್ಚು ಸಂಬಳದ ಆ ಹುದ್ದೆಯನ್ನು ಬಿಟ್ಟು ಕಲ್ಕತ್ತ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪದವಿಯನ್ನು ಒಪ್ಪಿಕೊಂಡರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಮನಸ್ಸನ್ನು ಸೆಳೆಯಿತು. ಆಗಸದ ಬಣ್ಣ ನೀರಿನಲ್ಲಿ ಪ್ರತಿಫಲಿಸುವುದೇ ಆ ನೀಲಿಗೆ ಕಾರಣವೆಂದು ಹೆಸರಾಂತ ವಿಜ್ಞಾನಿ ರ್‍ಯಾಲಿ ನಂಬಿದ್ದರು. ರಾಮನ್ ಅವರು ನಿಕಾಲ್ ಪಟ್ಟಕದ ಸಹಾಯದಿಂದ ಪ್ರತಿಫಲಿತ ಬೆಳಕನ್ನು ತಡೆದು ನೋಡಿದರು. ಕಡಲಿನ ನೀಲಿ ಹಾಗೆಯೇ ಉಳಿಯಿತು. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಂದು ಅವರು ತಿಳಿದರು. ಈ ದಾರಿಯಲ್ಲಿ ನಡೆದ ಸಂಶೋಧನೆಯೇ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದ ಶೋಧಕ್ಕೆ ಎಡೆಮಾಡಿತು. 1930ರಲ್ಲಿ ನೊಬೆಲ್ ಪಾರಿತೋಷಕ ಅವರನ್ನು ಅರಸಿಕೊಂಡು ಬಂದಿತು.

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಮೈಸೂರಿನ ಮಹಾರಾಜರ ಸರ್ಕಾರ ನೀಡಿದ ನಿವೇಶನದಲ್ಲಿ 1948ರಲ್ಲಿ ತಮ್ಮದೇ ಸಂಶೋಧನಾಲಯವನ್ನು ತೆರೆದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. ಇಷ್ಟೆಲ್ಲ ಕೀರ್ತಿ ದೊರೆತ ಮೇಲೆ ಇನ್ನೊಬ್ಬರು ವಿಶ್ರಾಂತಿಯನ್ನು ಬಯಸುತ್ತಿದ್ದರು. ರಾಮನ್ ಅವರಾದರೋ ಎಪ್ಪತ್ತು ದಾಟಿದ ಮೇಲೆ ಹೊಸ ವಿಷಯವೊಂದನ್ನು ಕೈಗೆತ್ತಿಕೊಂಡರು. ಕಣ್ಣು ಬಣ್ಣವನ್ನು ಹೇಗೆ ಅರಿಯುತ್ತದೆಂಬುದೇ ಆ ವಿಷಯ.

ಹೂಗಳೇ ಅವರ ಅಭ್ಯಾಸದ ವಸ್ತುಗಳಾದವು. ಹೂವಿನಿಂದ ಬರುವ ಬೆಳಕನ್ನು ರೋಹಿತದರ್ಶಕದ ಮೂಲಕ ಬಿಡಿಸಿ ನೋಡಿದರು. ಕಣ್ಣಿಗೆ ಒಂದೇ ಹಳದಿಯಾಗಿ ತೋರುವ ಹೂವಿನ ಬೆಳಕಿನಲ್ಲಿ ಹಸುರು, ಹಳದಿ, ಕೆಂಪು ಎಲ್ಲವೂ ಸೇರಿರುತ್ತವೆ. ಕಣ್ಣು ಕಾಣುವುದಕ್ಕೂ ಉಪಕರಣ ಅಳೆಯುವುದಕ್ಕೂ ಇರುವ ಈ ಅಂತರವನ್ನು ಅವರು ತಾಳ್ಮೆಯಿಂದ ಪರಿಶೀಲಿಸಿದರು. 1968ರಲ್ಲಿ, ಎಂಬತ್ತರ ಹರಯದಲ್ಲಿ, ದೃಷ್ಟಿಯನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು.

ಕೆಂಪು, ಹಸುರು, ನೀಲಿ ಎಂಬ ಮೂರು ಸಂವೇದನೆಗಳಿಂದಲೇ ಎಲ್ಲ ಬಣ್ಣಗಳೂ ಮೂಡುತ್ತವೆಂಬ ವಾದವನ್ನು ಯಂಗ್, ಹೆಲ್ಮ್‌ಹೋಲ್ಟ್ಸ್, ಮ್ಯಾಕ್ಸ್‌ವೆಲ್ ಮೊದಲಾದವರು ಬೆಳೆಸಿದ್ದರು. ರಾಮನ್ ಅವರು ಇದನ್ನು ಒಪ್ಪಲಿಲ್ಲ. ಆದರೆ ಅಕ್ಷಿಪಟಲದಲ್ಲಿ ಮೂರು ಬಗೆಯ ಶಂಕುಕೋಶಗಳಿವೆಯೆಂದು 1964ರಲ್ಲಿ ಅಮೆರಿಕದ ವಿಜ್ಞಾನಿಗಳು ಅಳೆದು ತೋರಿಸಿದ್ದರು. ವಿಜ್ಞಾನ ಪ್ರಪಂಚ ಈ ವಿಷಯದಲ್ಲಿ ರಾಮನ್ ಅವರ ಮತವನ್ನು ಸ್ವೀಕರಿಸಲಿಲ್ಲ. ವಿಜ್ಞಾನದಲ್ಲಿ ವ್ಯಕ್ತಿಯ ಹಿರಿಮೆಗಿಂತ ಪ್ರಮಾಣವೇ ದೊಡ್ಡದು. ರ್‍ಯಾಲಿಯವರನ್ನು ಪ್ರಶ್ನಿಸಿ ಗೆದ್ದ ರಾಮನ್ ಅವರಿಗೂ ಈ ನಿಯಮ ಅನ್ವಯಿಸಿತು.

ಇಂದಿನ ಕ್ಯಾಮರಾ ಮತ್ತು ಸ್ಕ್ಯಾನರುಗಳು ಪ್ರತಿಯೊಂದು ಬಣ್ಣವನ್ನೂ ಮೂರು ಸಂಖ್ಯೆಗಳಾಗಿ ದಾಖಲಿಸುತ್ತವೆ. ಆದರೆ ಅವು ಬೆಳಕಿಗೆ ಸ್ಪಂದಿಸುವ ರೀತಿ ಮನುಷ್ಯನ ಕಣ್ಣಿನ ರೀತಿಯಲ್ಲ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹಸುರುಗಳು ಕ್ಯಾಮರಾಕ್ಕೆ ಬೇರೆಯಾಗಿ ತೋರಬಹುದು. ಈ ವ್ಯತ್ಯಾಸವನ್ನು ತಿದ್ದಲು ಪ್ರತಿ ಉಪಕರಣಕ್ಕೂ ಒಂದು ವರ್ಣವಿವರಣಪಟ್ಟಿಯನ್ನು ಸಿದ್ಧಪಡಿಸುತ್ತಾರೆ. ಇದಕ್ಕೆ ಕಲರ್ ಪ್ರೊಫೈಲ್ ಎಂದು ಹೆಸರು. ಅನೇಕ ಬಣ್ಣದ ಚೌಕಗಳುಳ್ಳ ಫಲಕವನ್ನು ಮೊದಲು ಉಪಕರಣದಿಂದ ಅಳೆಯುತ್ತಾರೆ. ಅನಂತರ ಅದನ್ನೇ ಕ್ಯಾಮರಾದಲ್ಲಿ ಚಿತ್ರಿಸಿ, ಎರಡು ಲೆಕ್ಕಗಳನ್ನೂ ಹೋಲಿಸಿ, ತಿದ್ದುಪಡಿಯನ್ನು ಬರೆದಿಡುತ್ತಾರೆ. ಹಾಗಿದ್ದೂ ಪೈರಿನ ಹಸುರು ಸರಿಹೊಂದದಿದ್ದರೆ ಬಲ್ಲವರು ಆ ಪಟ್ಟಿಯನ್ನು ಮತ್ತೆ ತಿದ್ದುತ್ತಾರೆ. ಈ ವಿದ್ಯೆ ರಾಮನ್ ಅವರು ಒಪ್ಪದಿದ್ದ ಮೂರು ಬಣ್ಣಗಳ ವಾದವನ್ನೇ ಆಧರಿಸಿದೆ. ಆದರೂ ಕಂಡದ್ದನ್ನು ಅಳತೆಗೆ ಒಡ್ಡಿ, ಅಳತೆಯನ್ನು ಮತ್ತೆ ಕಣ್ಣಿನಿಂದ ಪರೀಕ್ಷಿಸುವ ಅವರ ಶಿಸ್ತು ಇಲ್ಲಿಯೂ ಅಗತ್ಯವಾಗಿದೆ.

1970ರ ನವೆಂಬರ್ 21ರಂದು ರಾಮನ್ ಅವರು ಬೆಂಗಳೂರಿನಲ್ಲಿ ನಿಧನರಾದರು. ಅವರ ಅಂತ್ಯಕ್ರಿಯೆ ಅವರೇ ಬೆಳೆಸಿದ ಸಂಶೋಧನಾಲಯದ ತೋಟದಲ್ಲಿ ನಡೆಯಿತು. ರಾಮನ್ ಪರಿಣಾಮದ ನೆನಪಿಗಾಗಿ 1987ರಿಂದ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ. ಕಡಲಿನ ನೀಲಿಯಲ್ಲಿ ಗೆದ್ದು, ಹೂವಿನ ಬಣ್ಣದಲ್ಲಿ ಒಪ್ಪಿಗೆ ಪಡೆಯದೆ ಹೋದರೂ ಅವರು ಪ್ರಶ್ನಿಸುವುದನ್ನು ನಿಲ್ಲಿಸಲಿಲ್ಲ. ಕಣ್ಣೆದುರಿನ ಸಾಮಾನ್ಯ ವಸ್ತುವನ್ನೂ ಬೆರಗಿನಿಂದ ನೋಡಿ, ಏಕೆಂದು ಕೇಳಿ, ಉತ್ತರವನ್ನು ಪರೀಕ್ಷೆಗೆ ಒಡ್ಡುವ ಆ ಮನೋಭಾವವೇ ಅವರು ನಮಗೆ ಬಿಟ್ಟುಹೋದ ಆಸ್ತಿ.